ಟರ್ಬೊ ಹಾಕಿಸಿದ ಹಲ್ಲಿನ ಡಾಕ್ಟರ್

"ಗುರುಗಳೇ, ನೀವು ಹೇಳಿಕೊಟ್ಟ ಉಸಿರಿನ ಅಭ್ಯಾಸದ ಜೊತೆಗೆ ಬೇರೆ ಕಡೆ ಕಲಿತ ಇನ್ನೊಂದನ್ನು ಸೇರಿಸಿಕೊಂಡಿದ್ದೇನೆ. ಉಸಿರನ್ನು ಒತ್ತಿ ತುಂಬುವ ಅಭ್ಯಾಸ. ಮೈಯಲ್ಲಿ ಹಿಂದೆಂದೂ ಇಲ್ಲದ ಶಕ್ತಿ ಬಂದಿದೆ. ಇದರಲ್ಲಿ ತಪ್ಪೇನಾದರೂ ಇದೆಯೇ?"

ಕೇಳಿದವನು ತಿಪ್ಪೇಶ. ಸಂಸಾರಸ್ಥ, ವಾರಕ್ಕೊಮ್ಮೆ ಮಠಕ್ಕೆ ಬರುತ್ತಿದ್ದ. ಗುರುಗಳು, "ತಪ್ಪು ಒಪ್ಪು ಆಮೇಲೆ ನೋಡೋಣ. ಮೊದಲು ಕೂತುಕೋ" ಎಂದು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹಲ್ಲಿನ ಡಾಕ್ಟರ್ ಇದ್ದ. ಅವನಲ್ಲಿ ಒಂದು ಸ್ಪೋರ್ಟ್ಸ್ ಕಾರಿತ್ತು. ದಿನವೂ ಅದರಲ್ಲೇ ಕ್ಲಿನಿಕ್ಕಿಗೆ ಹೋಗುತ್ತಿದ್ದ, ಅದರಲ್ಲೇ ತರಕಾರಿ ತರುತ್ತಿದ್ದ. ಕಾರಿಗೆ ಯಾವ ಕೊರತೆಯೂ ಇರಲಿಲ್ಲ. ಕೊರತೆ ಇದ್ದದ್ದು ಅವನ ತಲೆಯಲ್ಲಿ. ಇನ್ನೂ ವೇಗ ಬೇಕು ಅನ್ನಿಸಿತು. ದೂರದ ಊರಿನ ಒಬ್ಬ ಮೆಕ್ಯಾನಿಕ್ಕನ ಹತ್ತಿರ ಹೋಗಿ ಟರ್ಬೊ ಹಾಕಿಸಿಕೊಂಡ. ಇಂಜಿನ್ ಹೊರಗೆ ಬಿಡುವ ಹೊಗೆಯಿಂದಲೇ ತಿರುಗುವ ಒಂದು ಪುಟ್ಟ ಚಕ್ರ ಅದು. ಅದು ತಿರುಗಿದರೆ ಹೊರಗಿನ ಗಾಳಿಯನ್ನು ಇಂಜಿನ್ನಿನ ಒಳಕ್ಕೆ ಒತ್ತಿ ತುಂಬುತ್ತದೆ. ತಿರುಗುವಾಗ ಸಣ್ಣಗೆ ಸಿಳ್ಳೆ ಹಾಕುತ್ತದೆ.

ಮೆಕ್ಯಾನಿಕ್ ಪ್ರಾಮಾಣಿಕ ಮನುಷ್ಯ. ಕೀ ಕೊಡುವಾಗ ಹೇಳಿದ: "ಸಾರ್, ಇದು ಕಂಪನಿಯಿಂದ ಬಂದ ಸಾಮಾನಲ್ಲ. ಇವತ್ತಿಂದ ಕಿವಿ ಇದರ ಮೇಲೇ ಇರ್ಬೇಕು. ಡಬ್ಬಿಯಲ್ಲಿ ಕಡಲೆಬೀಜ ಕುಲುಕಿದ ಹಾಗೆ ಸದ್ದು ಬಂತೋ, ತಕ್ಷಣ ಕಾಲು ತೆಗೀರಿ. ಇನ್ನೊಂದು. ಮನೆ ತಲುಪಿದ ಕೂಡ್ಲೇ ಆಫ್ ಮಾಡ್ಬೇಡಿ. ಎರಡು ನಿಮಿಷ ಹಾಗೇ ಓಡ್ಲಿ. ಚಕ್ರ ತಣ್ಣಗಾಗ್ಬೇಕು."

ಡಾಕ್ಟರ್ ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದ. ಅವನು ಕೆಟ್ಟದ್ದೇ ಅಲ್ಲಿಂದ.

ಮೊದಲ ತಿಂಗಳು ಅವನ ಸಂತೋಷಕ್ಕೆ ಪಾರವಿರಲಿಲ್ಲ. ಎರಡನೆಯ ತಿಂಗಳು, ಸದ್ದು ಕೇಳಿಸದೇ ಹೋದೀತು ಎಂದು ಕಾರಿನ ರೇಡಿಯೊ ತೆಗೆಸಿದ. ಆಮೇಲೆ ಕಿಟಕಿ ಇಳಿಸುವುದನ್ನು ಬಿಟ್ಟ. ಆಮೇಲೆ ಪಕ್ಕದಲ್ಲಿ ಕೂತ ಹೆಂಡತಿಗೆ ಮಾತಾಡಬೇಡ ಎಂದ.

ಆಕೆಗೆ ಹೇಳಲೇಬೇಕಾದ ಒಂದು ಮಾತಿತ್ತು. ದವಡೆಯ ಕೆಳಗೆ ಒಂದು ಗಂಟು ಎದ್ದಿತ್ತು, ನೋವಿಲ್ಲದ ಗಂಟು. ದಿನಕ್ಕೆ ಇಪ್ಪತ್ತು ಮಂದಿಯ ದವಡೆ ಮುಟ್ಟಿ ನೋಡುವ ಗಂಡ ತನ್ನದನ್ನೂ ಒಮ್ಮೆ ಮುಟ್ಟಿ ನೋಡಲಿ ಎಂಬುದಷ್ಟೇ ಆಕೆಯ ಆಸೆ. ಅವನಿಗಲ್ಲದೆ ಬೇರೆ ಯಾರಿಗೆ ಹೇಳಬೇಕು? ಒಂದು ಸಂಜೆ ಕಾರಿನಲ್ಲೇ ಬಾಯಿಬಿಟ್ಟಳು: "ರೀ, ಇಲ್ಲೊಂದು ಗಂಟು ಆಗಿದೆ."

"ಶ್! ಕೇಳಿಸ್ತಾ ನಿಂಗೆ?" ಎಂದ ಅವನು.

ಆಕೆಗೆ ಏನೂ ಕೇಳಿಸಲಿಲ್ಲ. ಅವನಿಗೆ ಕೇಳಿಸಿತ್ತು. ಸಿಳ್ಳೆಯ ಅಡಿಯಲ್ಲಿ ಇನ್ನೊಂದು ಸಿಳ್ಳೆ.

ಅಂದಿನಿಂದ ಅದು ಅವನ ಜೊತೆಗೇ ಇಳಿದು ಬರತೊಡಗಿತು. ಕ್ಲಿನಿಕ್ಕಿನಲ್ಲಿ ಹಲ್ಲು ಕೊರೆಯುವ ಯಂತ್ರ ಹಿಡಿದರೆ ಅದರಲ್ಲಿ ಕೇಳಿಸಿತು. ಯಂತ್ರ ನಿಲ್ಲಿಸಿದರೆ, ಬಾಯಿ ತೆರೆದು ಮಲಗಿದ ರೋಗಿಯ ಗಂಟಲಿನಿಂದ ಕೇಳಿಸಿತು. ಅದು ಏರಿದಾಗ ತನ್ನ ಉಸಿರೂ ಏರುತ್ತಿರುವುದನ್ನು ಅವನು ಗಮನಿಸಿದ. ಅದು ನಿಂತಾಗ ಅವನ ಉಸಿರೂ ನಿಲ್ಲುತ್ತಿತ್ತು. ಹೆದರಬೇಕಾದ ಹೊತ್ತು ಅದು. ಅವನಿಗೆ ಹೆಮ್ಮೆಯಾಯಿತು.

ಮನೆಯ ಮುಂದೆ ಎರಡು ನಿಮಿಷ ಕೂರಬೇಕಾದವನು ಹತ್ತು ನಿಮಿಷ ಕೂತ. ಹತ್ತು ಅರ್ಧ ಗಂಟೆಯಾಯಿತು. ಹೆಂಡತಿ ಬಂದು ಕಿಟಕಿಯ ಪಕ್ಕ ನಿಲ್ಲುತ್ತಿದ್ದಳು. ಗಾಜಿನ ಆಚೆ ಆಕೆಯ ತುಟಿ ಅಲ್ಲಾಡುವುದು ಅವನಿಗೆ ಕಾಣುತ್ತಿತ್ತು. ಅವನು ಎರಡು ಬೆರಳೆತ್ತಿ ತೋರಿಸುತ್ತಿದ್ದ. ಆಕೆ ಕಾದು ಕಾದು ಒಳಗೆ ಹೋಗುತ್ತಿದ್ದಳು. ಗಂಟು ನೆಲ್ಲಿಕಾಯಿಯಷ್ಟಾಯಿತು.

ಒಂದು ಭಾನುವಾರ ಮಧ್ಯಾಹ್ನ ಊಟ ಆರಿ ತಣ್ಣಗಾದರೂ ಅವನು ಕಾರಿನಿಂದ ಇಳಿಯಲಿಲ್ಲ. ಆಕೆ ಹೊರಗೆ ಬಂದಳು. ಬಿಸಿ ಇರುತ್ತದೆಂದು ಬಾನೆಟ್ಟಿನ ಮೇಲೆ ಮೆಲ್ಲಗೆ ಕೈ ಇಟ್ಟಳು. ಅದು ತಣ್ಣಗಿತ್ತು. ಆಗ ನೆನಪಾಯಿತು. ಕಾರಿನ ಕೀ ಅಡುಗೆಮನೆಯ ಮೊಳೆಗೆ ನೇತುಬಿದ್ದಿದೆ, ಬೆಳಿಗ್ಗೆಯಿಂದ ಯಾರೂ ಅದನ್ನು ಮುಟ್ಟಿಲ್ಲ.

ಆದರೆ ಸಿಳ್ಳೆ ಕೇಳಿಸುತ್ತಿತ್ತು. ಈಗ ಆಕೆಗೂ ಕೇಳಿಸುತ್ತಿತ್ತು.

ಆಕೆ ಬಾಗಿಲು ತೆರೆದು ಬಗ್ಗಿದಳು. ಸಿಳ್ಳೆ ಗಂಡನ ಮೂಗಿನಿಂದ ಬರುತ್ತಿತ್ತು. ಸಣ್ಣಗೆ ಏರಿ, ಏರಿ, ಒಂದು ಕಡೆ ನಿಂತು, ಪುಸ್ಸೆಂದು ಬಿಟ್ಟುಕೊಂಡು ಮತ್ತೆ ಏರುತ್ತಿತ್ತು. ಅವನ ಕಣ್ಣು ತೆರೆದೇ ಇತ್ತು. ಆಕೆ ಅವನ ಕೈ ಹಿಡಿದೆತ್ತಿ ತನ್ನ ದವಡೆಯ ಕೆಳಗೆ, ಗಂಟಿನ ಮೇಲೆ ಇಟ್ಟುಕೊಂಡಳು. ಎಷ್ಟೋ ದವಡೆ ನೋಡಿದ ಬೆರಳುಗಳು ಅಲ್ಲಿ ಸುಮ್ಮನೆ ಕೂತವು.

"ಇನ್ನೆರಡು ನಿಮಿಷ" ಎಂದ.

ಆಕೆ ಅವನ ಕೈಯನ್ನು ಮತ್ತೆ ಅವನ ತೊಡೆಯ ಮೇಲೆ ಇಟ್ಟಳು. ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಬಂದು, ಆಟೊ ಹತ್ತಿ ಒಬ್ಬಳೇ ಆಸ್ಪತ್ರೆಗೆ ಹೋದಳು. ಅವನು ಅಲ್ಲೇ ಕೂತಿದ್ದ.

ಗುರುಗಳು ಕತೆ ನಿಲ್ಲಿಸಿದರು. ತಿಪ್ಪೇಶ ಸಮಾಧಾನದ ನಗೆ ನಕ್ಕ.

"ಅವನ ಸ್ಥಿತಿ ನನ್ನದಲ್ಲ, ಗುರುಗಳೇ. ಅವನು ಕಿವುಡನಾದ. ನನಗೆ ಈ ಅಭ್ಯಾಸ ಶುರುವಾದ ಮೇಲೆ ಎಲ್ಲವೂ ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ."

ಗುರುಗಳು ಅವನ ಹೆಗಲ ಮೇಲಿಂದ ಬಾಗಿಲ ಕಡೆ ನೋಡಿದರು.

"ಹಾಗಾದರೆ, ಆಗಿನಿಂದ ಆ ಹೊಸ್ತಿಲಲ್ಲಿ ನಿಂತು ಮೂರು ಸಲ ನಿನ್ನನ್ನು ಕರೆದ ಆ ಹೆಂಗಸು ಯಾರಪ್ಪಾ?"