ಅನಂತಮತಿಯ ಗೂಡುಗಳು

ಈ ಕಥೆಯ ಒಂದೊಂದು ಮಾತೂ ಸತ್ಯ. ನನ್ನ ಮೀಸೆಯ ಮೇಲಾಣೆ, ಹೊಳೆಯ ಎರಡೂ ದಡದಲ್ಲಿ ಹುಡುಕಿದರೂ ಇಂಥ ಮೀಸೆ ಇನ್ನೊಂದಿಲ್ಲ. ಈ ಕಥೆ ನಡೆದ ಆಶ್ರಮಕ್ಕೆ ಕಂಪ್ಯೂಟರನ್ನು ಹೊಳೆ ದಾಟಿಸಿ ತಂದವನೂ ನಾನೇ. ಒಂದು ಕೈಯಲ್ಲಿ ಕಂಪ್ಯೂಟರ್, ಇನ್ನೊಂದು ಕೈಯಲ್ಲಿ ದೋಣಿ.

ಅಲ್ಲಿಯ ಗುರುಗಳು ಪದ್ಮರಾಜಯ್ಯ. ಅವರು ಕಲಿಸುತ್ತಿದ್ದದ್ದು ಕರ್ನಲ್ ಬರೆಯುವ ವಿದ್ಯೆ. ಕರ್ನಲ್ ಅಂದರೆ ಯಂತ್ರದೊಳಗೆ ಕೂತು ಉಳಿದ ಪ್ರೋಗ್ರಾಂಗಳಿಗೆಲ್ಲ ಜಾಗ ಹಂಚುವ ಯಜಮಾನ. ಶಿಷ್ಯರು ಹಲವರು, ಯಂತ್ರ ಒಂದೇ.

ಗುರುಗಳ ಮಗಳು ಅನಂತಮತಿಯೂ ಅಲ್ಲೇ ಕಲಿಯುತ್ತಿದ್ದಳು. ಜ್ವರ ಬಂತು. ಹೋಗಿಬಿಟ್ಟಳು.

ಮರುದಿನ ಹಿರಿಯ ಶಿಷ್ಯ ಧರಣಪ್ಪ ಯಂತ್ರದ ಮುಂದೆ ಕೂತ. ಯಾವುದೋ ಪ್ರೋಗ್ರಾಂ ಸುಮ್ಮನೆ ಜಾಗ ಹಿಡಿದುಕೊಂಡು ಓಡುತ್ತಿತ್ತು. ಯಾರದೆಂದು ನೋಡದೆ ನಿಲ್ಲಿಸಿದ. ನಿಲ್ಲಿಸಿದ ಮೇಲೆ ಹೆಸರು ನೋಡಿದ.

ಅದು ಅನಂತಮತಿಯದು. ಏನೋ ಬರೆಯುತ್ತಿದ್ದವಳು ಡಿಸ್ಕಿನಲ್ಲಿ ಉಳಿಸದೆ ಎದ್ದುಹೋಗಿದ್ದಳು.

ಅವತ್ತಿನಿಂದ ಧರಣಪ್ಪ ಯಾರಿಗೂ ಯಂತ್ರ ಮುಟ್ಟಗೊಡಲಿಲ್ಲ. ಪಾಠ ನಿಂತಿತು. ಹೊಸದಾಗಿ ಬಂದಿದ್ದ ಪ್ರಭಾವತಿ ಅನ್ನುವಾಕೆ ತನ್ನ ಮೊದಲ ಪ್ರೋಗ್ರಾಂ ಹಿಡಿದುಕೊಂಡು ಜಗಲಿಯಲ್ಲಿ ಕಾದಳು.

ಗುರುಗಳು ಒಳಗೆ ಬಂದರು.

“ಏನಪ್ಪ, ಯಂತ್ರಕ್ಕೂ ಸೂತಕವೇ?”

“ಯಾರಾದರೂ ಏನಾದರೂ ಓಡಿಸಿದರೆ ಅನಂತಮತಿ ಬರೆದದ್ದು ಅಳಿಸಿಹೋಗ್ತದೆ, ಗುರುಗಳೇ.”

“ನೀನೇ ನಿಲ್ಲಿಸಿದೆಯಲ್ಲ. ಇನ್ನೇನು ಉಳಿದಿದೆ?”

“ಪಟ್ಟಿ ಹೋಯಿತು. ಬರೆದದ್ದು ಹೋಗಿಲ್ಲ.”

“ಹಾಗೋ? ಎಲ್ಲಿ, ಪಾಠ ಒಪ್ಪಿಸು.”

ಧರಣಪ್ಪ ತಲೆ ಎತ್ತದೆ ಒಪ್ಪಿಸಿದ. “ಪ್ರತಿ ಪ್ರೋಗ್ರಾಂ ಕೂಡ ಮೆಮೊರಿಯೆಲ್ಲ ತನ್ನೊಬ್ಬನದೇ, ತನ್ನ ಪುಟಗಳೆಲ್ಲ ಸಾಲಾಗಿವೆ ಅಂದುಕೊಂಡಿರ್ತದೆ. ನಿಜದಲ್ಲಿ ಪುಟಗಳು ಮೆಮೊರಿಯೊಳಗೆ ಖಾಲಿ ಸಿಕ್ಕ ಗೂಡುಗಳಲ್ಲಿ ಚೆದುರಿ ಬಿದ್ದಿರ್ತವೆ. ಯಾವ ಪುಟ ಯಾವ ಗೂಡಿನಲ್ಲಿ ಅನ್ನುವ ಪಟ್ಟಿ ಕರ್ನಲ್ ಕೈಯಲ್ಲಿ. ಪ್ರೋಗ್ರಾಂ ನಿಂತರೆ ಕರ್ನಲ್ ಆ ಪಟ್ಟಿಯನ್ನು ಹರಿದುಹಾಕ್ತದೆ. ಗೂಡಿನಲ್ಲಿದ್ದದ್ದು ಮಾತ್ರ ಅಲ್ಲೇ ಇರ್ತದೆ.”

“ಎಲ್ಲಿಯವರೆಗೆ?”

“ಆ ಗೂಡನ್ನು ಇನ್ನೊಬ್ಬರಿಗೆ ಕೊಡುವವರೆಗೆ. ಕೊಡುವ ಮೊದಲು ಒರೆಸಿ ಸೊನ್ನೆ ತುಂಬ್ತದೆ.”

“ಅದಕ್ಕೇ ಯಾರಿಗೂ ಕೊಡದೆ ಕೂತಿದ್ದೀಯ.”

“ಗೂಡು ಗೂಡು ಹುಡುಕ್ತಾ ಇದ್ದೀನಿ. ಒಂದು ಪುಟ ಸಿಕ್ಕಿತು.”

ಗುರುಗಳು ಬೇಡವೆನ್ನಲು ಕೈ ಎತ್ತಿದರು. ಅಷ್ಟರಲ್ಲಿ ಅವನು ಓದಿಬಿಟ್ಟಿದ್ದ.

“‘ನಮ್ಮಪ್ಪ ಮಾಡಿದ ಸಾರು ಕುಡಿದವರಿಗೆ ವೈರಾಗ್ಯ ತಾನಾಗಿ ಬರುತ್ತದೆ. ಪಾಠ ಬೇರೆ ಯಾಕೆ? ಆದರೂ ಒಂದು ಮಾತು ಹೇಳಬೇಕು, ನಮ್ಮಪ್ಪ’... ಇಲ್ಲಿಗೆ ಪುಟ ಮುಗೀತು.”

ಗುರುಗಳು ನಕ್ಕರು. ಆಶ್ರಮ ಅದುರುವ ಹಾಗೆ ನಕ್ಕರು. ಹೊಳೆಯ ಆಚೆ ನನ್ನ ಎಮ್ಮೆ ಹಗ್ಗ ಕಿತ್ತುಕೊಂಡಿತು. ಆಮೇಲೆ ಗುರುಗಳು ಗೋಡೆ ಹಿಡಿದು ನಿಂತರು.

“ಮುಂದಿನ ಪುಟ?”

“ಯಾವ ಗೂಡಿನಲ್ಲಿದೆಯೋ ಗೊತ್ತಿಲ್ಲ. ಆದರೆ ಇದೆ, ಗುರುಗಳೇ. ಅಪ್ಪಣೆ ಕೊಡಿ. ಎಲ್ಲವನ್ನೂ ಹುಡುಕಿ, ಜೋಡಿಸಿ, ನಿಮ್ಮ ಕೈಗೆ ಕೊಡ್ತೀನಿ. ಅಷ್ಟಾದರೂ ಮಾಡಗೊಡಿ.”

ಗುರುಗಳು ಗೋಡೆ ಬಿಟ್ಟು ಅವನ ಪಕ್ಕಕ್ಕೆ ಬಂದರು.

“ಧರಣಪ್ಪ, ಒರೆಸಿ ಕೊಡುವುದು ಯಾಕೆ?”

“ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಬಾರದು ಅಂತ.”

“ಇನ್ನೊಬ್ಬರು ಅಂದರೆ ಅಪ್ಪನೂ ಸೇರಿದನೋ, ಇಲ್ಲವೋ?”

ಶಿಷ್ಯ ಪರದೆಯಿಂದ ಕಣ್ಣು ತೆಗೆದ.

“ನಾನು ಹತ್ತಿರ ಹೋದರೆ ಪರದೆ ಆರಿಸಿಬಿಡುತ್ತಿದ್ದಳು. ‘ಇನ್ನೂ ಮುಗಿದಿಲ್ಲಪ್ಪ, ನೋಡಬೇಡಿ’ ಅನ್ನುತ್ತಿದ್ದಳು.”

“ಈಗ ಬೇಡ ಅನ್ನೋಕೆ ಅವಳಿಲ್ಲವಲ್ಲ, ಗುರುಗಳೇ!”

“ಇಲ್ಲ. ಅವಳ ಪರವಾಗಿ ಬೇಡ ಅನ್ನಬೇಕಾದವನು ಈಗ ನಾನೇ.”

ಧರಣಪ್ಪ ಅತ್ತ. “ನಾನು ನಿಲ್ಲಿಸಿದ್ದು ತಪ್ಪಾಯಿತು.”

“ತಪ್ಪೇ. ನೋಡದೆ ನಿಲ್ಲಿಸಿದೆ. ಅದನ್ನು ಸರಿಮಾಡಲು ಕದ್ದು ನೋಡಿದರೆ ಅದು ಇನ್ನೊಂದು ತಪ್ಪು. ಏಳು ಮಗ.”

ಗುರುಗಳು ಅವನ ರಟ್ಟೆ ಹಿಡಿದು ಎಬ್ಬಿಸಿದರು. ಜಗಲಿಯ ಕಡೆ ತಿರುಗಿ ಕರೆದರು.

“ಬಾರಮ್ಮ ಪ್ರಭಾವತಿ. ನಿನ್ನದನ್ನು ಓಡಿಸು.”

ಅವಳು ಬಂದು ಕೂತಳು. ಧರಣಪ್ಪ ಗುರುಗಳ ಕಿವಿಯ ಹತ್ತಿರ ಬಗ್ಗಿದ.

“ಅನಂತಮತಿಯ ಗೂಡೇ ಇವಳಿಗೆ ಸಿಕ್ಕಿಬಿಟ್ಟರೆ?”

“ಸಿಗಲಿ.”

ಪ್ರಭಾವತಿ ಒಂದು ಗುಂಡಿ ಒತ್ತಿದಳು. ಒಳಗೆ ಎಲ್ಲೋ ಗೂಡುಗಳನ್ನು ಒರೆಸಲಾಯಿತು. ಸದ್ದಾಗಲಿಲ್ಲ. ಅಷ್ಟು ಸಣ್ಣ ಕೆಲಸ. ಗುರುಗಳು ಆ ಗುಂಡಿಯನ್ನೇ ನೋಡುತ್ತಿದ್ದರು.

ತನಗೆ ಸಿಕ್ಕ ಜಾಗದಲ್ಲಿ ಏನಿದೆಯೆಂದು ಅವಳು ತೆರೆದು ನೋಡಿದಳು. ಪರದೆಯ ತುಂಬ ಸೊನ್ನೆ.

“ಎಷ್ಟು ಚೊಕ್ಕಟವಾಗಿದೆ, ಗುರುಗಳೇ! ನನಗಿಂತ ಮೊದಲು ಇಲ್ಲಿ ಯಾರಿದ್ದರು?”

ಗುರುಗಳು ಒಂದಿಷ್ಟೂ ದನಿ ನಡುಗದೆ ಹೇಳಿದರು:

“ಯಾರೂ ಇರಲಿಲ್ಲ, ತಾಯಿ. ಮೊದಲಿನಿಂದಲೂ ಇದು ನಿನ್ನದೇ.”

ದನಿ ನಡುಗದೆ ಅಂದೆನಲ್ಲ, ಅದೊಂದು ಸಣ್ಣ ವಿವರ ಮಾತ್ರ ನಾನು ಕಟ್ಟಿದ್ದು.