ಸೋದರಮಾವನ ಕೈಯ ಅಕ್ಷತೆ

ಸ್ಕಾಟ್ಲೆಂಡಿನಲ್ಲಿ ಸುಮೇಧಾಳ ಮದುವೆ. ಹೋಮವಿಲ್ಲ, ಮಂತ್ರವಿಲ್ಲ. ವಿಧವೆ ತಾಯಿ ಪಕ್ಕದಲ್ಲೇ ನಿಲ್ಲಲಿ ಅಂತ ಅವಳೇ ಇಂಥ ಮದುವೆ ಆರಿಸಿಕೊಂಡದ್ದು. ನೆಂಟರಲ್ಲಿ ಊರಿಂದ ಬಂದವನು ಸೋದರಮಾವ ಒಬ್ಬನೇ.

"ನೀನು ಮುಂದೆ ನಿಂತರೆ ಅಪಶಕುನ. ಇದು ಮದುವೆಯೇ ಅಲ್ಲ ಅಂತ ಸಭೆಯಲ್ಲೇ ಹೇಳ್ತೀನಿ" ಅಂದ ಹಿಂದಿನ ರಾತ್ರಿ, ತಂಗಿ ತುಂಗಮ್ಮನಿಗೆ.

ತುಂಗಮ್ಮ ಅತ್ತು ಸೋತಳು. ಬೆಳಿಗ್ಗೆ ಎದ್ದು ಅಣ್ಣನ ಕೈಗೆ ಅಕ್ಷತೆ ಕೊಟ್ಟಳು. "ಬೇಡ ಅನ್ನಿಸಿದರೆ ಚೆಲ್ಲಿಬಿಡಣ್ಣ." ತಾನು ಬೆರಳೆತ್ತಿದ ಕೂಡಲೇ ಊದಬೇಕು ಅಂತ ಅಲ್ಲಿನ ವಾಲಗದಂಥ ಬ್ಯಾಗ್‌ಪೈಪಿನವನಿಗೆ ಮಗಳಿಂದ ಹೇಳಿಸಿದಳು.

ಉಂಗುರ ತೊಡಿಸುವಾಗ ಅಣ್ಣ ಎದ್ದು ಬಾಯಿ ತೆರೆದ. ತುಂಗಮ್ಮ ಬೆರಳೆತ್ತಿದಳು. ಬ್ಯಾಗ್‌ಪೈಪು ಥೇಟ್ ಗಟ್ಟಿಮೇಳದ ಹಾಗೆ ಮೊರೆಯಿತು. ಜೀವಮಾನದ ಅಭ್ಯಾಸ, ಅವನ ಕೈ ತಾನಾಗಿ ಅಕ್ಷತೆ ಎರಚಿತು, ಮದುಮಕ್ಕಳ ಮೇಲೆ, ತಂಗಿಯ ಮೇಲೂ.

"ಹರಸಿಬಿಟ್ಟೆನಲ್ಲ" ಅಂತ ಖಾಲಿ ಅಂಗೈ ನೋಡುತ್ತಾ ಕುಳಿತ.

ಗಂಡ ಹೋದ ಮೇಲೆ ತುಂಗಮ್ಮನ ತಲೆಗೆ ಅಕ್ಷತೆ ಬಿದ್ದದ್ದು ಅದೇ ಮೊದಲು. ಅವಳು ಬಿಕ್ಕಿದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.