ಕೂಗಳತೆ

“ಗುರುಗಳೇ, ಒಬ್ಬನ ಹತ್ತಿರ ಬಹಳ ಇದ್ದರೆ ಉಳಿದವರಿಗೆ ಏನು ನಷ್ಟ?”

ಭಿಕ್ಷೆಯ ಜೋಳಿಗೆಯನ್ನು ಗೂಟಕ್ಕೆ ತೂಗುಹಾಕುವ ಮೊದಲೇ ಸಂಗಯ್ಯ ಕೇಳಿದ. ಅವನ ಮುಖ ಬಾಡಿತ್ತು. ಗುರುಗಳು ಮಠದ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

“ಇದು ನಿನ್ನ ಪ್ರಶ್ನೆಯ ಹಾಗೆ ಕಾಣುವುದಿಲ್ಲ. ಯಾರದು?”

“ಪೇಟೆಯ ಧನಿಕನದು. ಅವನ ಮನೆಯ ಗೋಡೆ ವರ್ಷ ವರ್ಷ ಏಳುತ್ತಿದೆ, ಎದುರಿನ ಮನೆಗಳು ಕುಸಿಯುತ್ತಿವೆ. ಇದು ನ್ಯಾಯವೇ ಎಂದು ಕೇಳಿದೆ. ಅವನು ನಕ್ಕ. ‘ನಾನು ಯಾರ ಮನೆಗೂ ಕನ್ನ ಹಾಕಿಲ್ಲ. ಕೈ ಕೆಸರಾದರೆ ಬಾಯಿ ಮೊಸರು. ನನ್ನಲ್ಲಿ ಹೆಚ್ಚಿದ್ದರೆ ಅವರಿಗೇನು ನಷ್ಟ, ಹೇಳು ನೋಡೋಣ’ ಎಂದ. ಅವನ ಮಾತೇ ಸರಿಯೇನೋ ಎನ್ನಿಸಿತು.”

“ಗಾದೆ ಸರಿಯಾಗಿಯೇ ಇದೆ” ಎಂದರು ಗುರುಗಳು. “ಕೆಸರಾದ ಕೈ ಯಾರದು, ಮೊಸರು ತಿಂದ ಬಾಯಿ ಯಾರದು ಎಂದು ಅದು ಹೇಳುವುದಿಲ್ಲ, ಅಷ್ಟೆ. ಕುಳಿತುಕೋ. ಆ ಬದಿಯ ಕಾಯಿ ನೀನು ಸುಲಿ. ಒಂದು ಕತೆ ಹೇಳುತ್ತೇನೆ.”

ಕಡಲ ದಡದಲ್ಲಿ ಒಂದು ಮೀನುಗಾರರ ಊರಿತ್ತು. ಊರಿಗೆಲ್ಲ ಸೇರಿ ಒಂದೇ ರಂಪಣಿ ಬಲೆ. ಅದು ಬಹಳ ದೊಡ್ಡದು. ದೋಣಿಯಲ್ಲಿ ಹೋಗಿ ಮೀನಿನ ಹಿಂಡಿನ ಸುತ್ತ ಅದನ್ನು ಬಿಡಬೇಕು, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತರಬೇಕು, ಆಮೇಲೆ ಊರೇ ನಿಂತು ಎಳೆಯಬೇಕು. ಅಂಥ ಬಲೆಯನ್ನು ಒಂದು ಮನೆಯವರು ಹೆಣೆದು ಮುಗಿಸಲಾರರು. ಆದ್ದರಿಂದ ಮನೆಗೊಂದು ತುಂಡು. ತುಂಡುಗಳನ್ನು ಕೂಡಿಸಿ ಹೊಲಿದರೆ ಬಲೆ. ಬಂದ ಮೀನಿನಲ್ಲಿ ತುಂಡಿಗೆ ಒಂದು ಪಾಲು, ಹಗ್ಗ ಹಿಡಿದ ಕೈಗೆ ಒಂದು ಪಾಲು. ಬಲೆಯಲ್ಲಿ ತುಂಡಿಲ್ಲದ ವಿಧವೆ ಬಂದು ಹಗ್ಗ ಹಿಡಿದರೂ ಬರಿಗೈಯಲ್ಲಿ ಹಿಂದಿರುಗುತ್ತಿರಲಿಲ್ಲ.

ಮೀನು ಹೇಳಿ ಕೇಳಿ ಬರುವುದಲ್ಲ. ದಡದ ದಿಬ್ಬದ ಮೇಲೆ ಒಬ್ಬ ಕಾಯುತ್ತಿದ್ದ. ನೀರಿನ ಬಣ್ಣ ಬದಲಾದ ಕೂಡಲೇ ‘ಹೋ’ ಎಂದು ಉದ್ದಕ್ಕೆ ಕೂಗುತ್ತಿದ್ದ. ಆ ಕೂಗಿನಲ್ಲಿ ಮಾತಿರಲಿಲ್ಲ. ಕಡಲ ಗಾಳಿಗೆ ಮಾತು ಒಡೆದುಹೋಗುತ್ತದೆ. ಕೂಗು ಒಡೆಯುವುದಿಲ್ಲ. ಅದು ಕಿವಿಗೆ ಬಿದ್ದರೆ ಉಣ್ಣುವವನು ತಟ್ಟೆ ಬಿಟ್ಟು ಏಳಬೇಕು, ಜಗಳವಾಡುವವನು ಜಗಳ ಬಿಟ್ಟು ಓಡಬೇಕು. ಜಗಳ ಎಲ್ಲಿಯೂ ಹೋಗುವುದಿಲ್ಲ, ಮೀನು ಹೋಗುತ್ತದೆ.

ಇದಕ್ಕಾಗಿ ಆ ಊರಿನಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ಹೊಸ ಮನೆ ಕಟ್ಟುವುದಾದರೆ ಮನೆಯವರು ಮೊದಲು ಆ ಜಾಗದಲ್ಲಿ ಹೋಗಿ ನಿಲ್ಲಬೇಕು. ಕಾಯುವವನು ದಿಬ್ಬದಿಂದ ಕೂಗುತ್ತಾನೆ. ಕೇಳಿಸಿದರೆ ಅಲ್ಲಿ ಕಂಬ ನೆಡಬಹುದು. ಕೇಳಿಸದಿದ್ದರೆ ಹತ್ತಿರ ಬರಬೇಕು. ಊರು ಎಂದರೆ ಕೂಗಳತೆ. ಅದರ ಆಚೆಗಿನದು ಬೇರೆ ಊರು.

ಆ ಊರಿನಲ್ಲಿ ಒಬ್ಬ ಚುರುಕಿನ ಮನುಷ್ಯನಿದ್ದ. ಅವನು ಕೆಟ್ಟವನಲ್ಲ. ಇದನ್ನು ನೆನಪಿಡು ಸಂಗಯ್ಯ. ಕತೆಯಲ್ಲಿ ಸಾಹುಕಾರ ಬಂದ ಕೂಡಲೇ ನೀವು ಹುಡುಗರು ಅವನಿಗೆ ಕೋರೆಹಲ್ಲು ಹಚ್ಚುತ್ತೀರಿ. ಅವನು ಎಲ್ಲರಿಗಿಂತ ಮೊದಲು ಏಳುತ್ತಿದ್ದ, ಎಲ್ಲರಿಗಿಂತ ಚೆನ್ನಾಗಿ ಹೆಣೆಯುತ್ತಿದ್ದ. ಮಗಳ ಮದುವೆಗೆಂದು ಒಬ್ಬ ತನ್ನ ಬಲೆಯ ತುಂಡನ್ನು ಮಾರಿದ. ಇವನು ಒಳ್ಳೆಯ ಬೆಲೆ ಕೊಟ್ಟು ಕೊಂಡ. ದೋಣಿಯ ರಿಪೇರಿಗೆಂದು ಇನ್ನೊಬ್ಬ ಮಾರಿದ. ಅದನ್ನೂ ಕೊಂಡ. ತುಂಡು ಹೋದರೇನು, ಹಗ್ಗದ ಪಾಲು ಇದ್ದೇ ಇದೆಯಲ್ಲ ಎಂದು ಮಾರಿದವರು ಸಮಾಧಾನ ಮಾಡಿಕೊಂಡರು. ಒಂದು ದಿನ ನೋಡಿದರೆ ಬಲೆಯೆಲ್ಲ ಅವನದೇ. ಯಾವ ತುಂಡನ್ನೂ ಅವನು ಕದ್ದಿರಲಿಲ್ಲ.

ಆಗ ಅವನು ಹಗ್ಗದ ಕಡೆ ನೋಡಿದ. ಇಷ್ಟು ಕೈ, ಇಷ್ಟು ಪಾಲು, ಇದೇಕೆ ಎನ್ನಿಸಿತು. ಮರದ ದೊಡ್ಡ ರಾಟೆಗಳನ್ನು ಮಾಡಿಸಿ ಮರಳಿನಲ್ಲಿ ಕಂಬ ಹುಗಿದು ಕೂರಿಸಿದ. ಹಗ್ಗ ಸುತ್ತಿ ರಾಟೆ ತಿರುಗಿಸಿದರೆ ಊರು ಎಳೆಯುವ ಬಲೆಯನ್ನು ಕೆಲವೇ ಆಳುಗಳು ಎಳೆಯಬಹುದು. ರಾಟೆಗೆ ಪಾಲು ಕೊಡಬೇಕಿಲ್ಲ. ಅದಕ್ಕೆ ಹೆಂಡತಿ ಮಕ್ಕಳಿಲ್ಲ.

ಮೀನು ಹೆಚ್ಚಾಯಿತು, ಒಣಗಿಸಲು ಜಾಗ ಸಾಲದಾಯಿತು. ದಡದ ಗುಡಿಸಲುಗಳ ಜಾಗವನ್ನು ಅವನೇ ಕೊಂಡ. ಅದಕ್ಕೂ ನ್ಯಾಯವಾದ ಬೆಲೆ. ಜನ ಊರ ಪಕ್ಕದ ಹೊಳೆಯ ಆಚೆ ದಂಡೆಗೆ ಹೋಗಿ ಗುಡಿಸಲು ಹಾಕಿಕೊಂಡರು. ಅವನು ಮೀನಿನ ವಾಸನೆ ತಾಗದ ಹಾಗೆ ಗುಡ್ಡದ ಮೇಲೆ ಮಾಳಿಗೆಯ ಮನೆ ಕಟ್ಟಿಸಿದ. ಅತ್ತ ಗುಡಿಸಲು ಹಾಕುವಾಗ, ಇತ್ತ ಮಾಳಿಗೆ ಏರಿಸುವಾಗ, ದಿಬ್ಬದಿಂದ ಯಾರೂ ಕೂಗಿ ನೋಡಲಿಲ್ಲ. ಕೂಗುವ ಅಗತ್ಯವೇ ಇರಲಿಲ್ಲ. ಆಳುಗಳು ರಾಟೆಯ ಬುಡದಲ್ಲಿಯೇ ಇದ್ದರು.

ಆಚೆ ದಂಡೆಯವರು ಹೊಳೆಯ ಸಣ್ಣ ಮೀನಿನಿಂದ ದಿನ ನೂಕುತ್ತಿದ್ದರು. ತೆಂಕಣ ಕಡೆ ಬೇರೆ ದಡಕ್ಕೆ ಹೋಗಿಬಿಡೋಣ ಎಂಬ ಮಾತು ನಡೆದಿತ್ತು. ಮಳೆಗಾಲ ಕಳೆದ ಮೇಲೆ ಹೊರಡುವುದೆಂದು ತೀರ್ಮಾನವೂ ಆಗಿತ್ತು.

ಮಳೆಗಾಲ ಕಳೆಯಿತು. ಗಂಟು ಮೂಟೆ ಕಟ್ಟುತ್ತಿದ್ದ ದಿನವೇ ಕಡಲಿಗೆ ಬಂಗುಡೆ ಮೀನು ಬಂತು. ಅಂಥ ಹಿಂಡನ್ನು ಆ ದಡ ಕಂಡಿರಲಿಲ್ಲ. ನೀರು ಕೆಂಪಾಗಿ ಕಾಣುತ್ತಿತ್ತು. ಸಾಹುಕಾರನ ಒಬ್ಬನೇ ಮಗ ದೋಣಿ ಇಳಿಸಿದ. ಅವನಿಗೆ ಅಪ್ಪನ ಮಾಳಿಗೆಗಿಂತ ಕಡಲು ಇಷ್ಟ. ಬಲೆಯನ್ನು ಸುತ್ತ ಬಿಟ್ಟಾಯಿತು, ಹಗ್ಗಗಳು ದಡ ಸೇರಿ ರಾಟೆಗೆ ಸುತ್ತಿದವು. ಮಗ ಮಾತ್ರ ದೋಣಿಯಲ್ಲಿ ಬಲೆಯ ನಡುವಿನ ಹತ್ತಿರ ಉಳಿದ. ಮೀನು ಹಾರಿ ಹೋಗದಂತೆ ಅಲ್ಲಿ ಬಲೆಯ ಅಂಚನ್ನು ಎತ್ತಿ ಹಿಡಿಯಬೇಕು.

ಸಾಹುಕಾರ ದಡದಲ್ಲಿ ನಿಂತು ನೋಡುತ್ತಿದ್ದ. ಅವನ ಸಂತೋಷಕ್ಕೆ ಪಾರವಿರಲಿಲ್ಲ.

ಆಗ ಹಿಂಡು ಒಮ್ಮೆಲೇ ಕಡಲ ಕಡೆಗೆ ತಿರುಗಿತು. ಇಳಿತದ ಸೆಳೆತವೂ ಅದೇ ಕಡೆಗಿತ್ತು. ಬಲೆಯ ಹಗ್ಗ ದೋಣಿಯ ಮೂತಿಗೆ ಸುತ್ತಿಕೊಂಡಿತು. ಕತ್ತರಿಸಿದರೆ ದೋಣಿ ಮಗುಚುತ್ತದೆ. ದಡದ ಹಗ್ಗ ಬಿಟ್ಟುಹೋದರೆ ಬಲೆಯೂ ದೋಣಿಯೂ ಹೋಗಿ, ಹೊಳೆ ಕಡಲು ಸೇರುವ ಅಳಿವೆಯ ಬಂಡೆಗಳಿಗೆ ಬಡಿಯುತ್ತವೆ. ಆಳುಗಳು ರಾಟೆಗೆ ಮೈಕೊಟ್ಟು ನಿಂತರು. ರಾಟೆ ಗಟ್ಟಿಯಾಗಿಯೇ ಇತ್ತು. ಅದರ ಕಂಬ ಮೆಲ್ಲಗೆ ಮೇಲೆ ಬರತೊಡಗಿತು. ಮರಳಿಗೆ ಕಂಬವನ್ನು ಹಿಡಿದಿಡುವ ಗುಣವಿಲ್ಲ. ಮನುಷ್ಯನಾದರೆ ಒಂದು ಕಡೆ ಮರಳು ಜಾರಿದರೆ ಇನ್ನೊಂದು ಕಡೆ ಹಿಮ್ಮಡಿ ಊರುತ್ತಾನೆ. ಕಂಬಕ್ಕೆ ಹಿಮ್ಮಡಿ ಎಲ್ಲಿಂದ ಬರಬೇಕು?

ಸಾಹುಕಾರ ದಿಬ್ಬಕ್ಕೆ ಓಡಿದ. ಹೊಳೆಯ ಆಚೆ ಜನ ಚುಕ್ಕೆಗಳ ಹಾಗೆ ಕಾಣುತ್ತಿದ್ದರು.

“ಹಗ್ಗ ಹಿಡಿನಿ! ಎರಡ್ ಪಟ್ಟ್ ಕೂಲಿ ಕೊಡ್ತೆ! ಕೇಂಡದ್ದೆಲ್ಲ ಕೊಡ್ತೆ!” ಎಂದು ಅರಚಿದ.

ಗಾಳಿಗೆ ಮಾತು ಒಡೆಯಿತು. ಆಚೆ ದಂಡೆಯಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಕೆಳಗೆ ಕಂಬ ಇನ್ನಷ್ಟು ಮೇಲೆ ಬಂತು. ದೋಣಿಯ ಮೂತಿ ನೀರಿಗೆ ಬಾಗಿತ್ತು. ಮಗ ಹಿಂಬದಿಯ ಹಲಗೆಗೆ ಅಂಟಿಕೊಂಡಿದ್ದ. ಸಾಹುಕಾರನ ಬಾಯಲ್ಲಿ ಮಾತು ಮುಗಿಯಿತು. ಮಾತೆಲ್ಲ ಮುಗಿದ ಮೇಲೆ ಉಳಿದದ್ದು ಹೊರಗೆ ಬಂತು. ಅವನು ಎಷ್ಟೋ ವರ್ಷದಿಂದ ಬಾಯಿಗೆ ತಾರದ ಕೂಗು ಅದು.

‘ಹೋ’ ಎಂದ. ಉದ್ದಕ್ಕೆ, ಉಸಿರು ಇರುವ ತನಕ.

ಆಚೆ ದಂಡೆಯಲ್ಲಿ ಮೂಟೆ ಕಟ್ಟುತ್ತಿದ್ದವರ ಕೈ ನಿಂತಿತು. ಅವರು ಕಡಲ ಕಡೆ ನೋಡಿದರು. ದಿಬ್ಬದ ಮೇಲೆ ಯಾರು, ನೀರಿನಲ್ಲಿ ಯಾರು ಎಂದು ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

“ಅವನ್ ಬಲೆ, ಅವನ್ ರಾಟೆ. ಅವನೇ ಎಳ್ಕಣ್ಲಿ. ನಮ್ಗೆಂತಕೆ?” ಎಂದ ಒಬ್ಬ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ.

ಒಬ್ಬಳು ಮುದುಕಿ ಸೆರಗು ಬಿಗಿದು ಆಗಲೇ ಹೊಳೆಗೆ ಇಳಿದಿದ್ದಳು. ತಿರುಗಿ ನೋಡದೆ ಹೇಳಿದಳು: “ಬಲೆ ಅವಂದ್. ಕೂಗ್ ನಮ್ದ್.”

ಜನ ಅವಳ ಹಿಂದೆ ಇಳಿದರು. ಇಳಿತದ ಹೊತ್ತು, ಹೊಳೆಯಲ್ಲಿ ಸೊಂಟದಷ್ಟೇ ನೀರು. ಅವರು ದಡ ಮುಟ್ಟುವಾಗ ಒಂದು ಕಂಬ ಕಿತ್ತು ಬಂದು ರಾಟೆ ಮಗುಚಿತು. ಓಡುತ್ತಿದ್ದ ಹಗ್ಗದ ತುದಿಯನ್ನು ಮೊದಲು ಬಂದವರು ಹಿಡಿದು ಮರಳಿನ ಮೇಲೆ ಬಿದ್ದರು, ಬಿದ್ದವರನ್ನು ಹಿಂದಿನವರು ಹಿಡಿದರು. ಹಗ್ಗ ನಿಂತಿತು. ಗಂಡಸರು, ಹೆಂಗಸರು, ಸಾಹುಕಾರನ ಆಳುಗಳು, ಎಲ್ಲರ ನಡುವೆ ಸಾಹುಕಾರನೂ ಹಗ್ಗ ಹಿಡಿದು ಹಿಮ್ಮಡಿ ಊರಿದ್ದ. ಹಗ್ಗ ಹಿಡಿಯದೆ ವರ್ಷಗಳಾಗಿ ಅವನ ಅಂಗೈ ಮೆತ್ತಗಾಗಿತ್ತು. ಬೇಗನೇ ರಕ್ತ ಬಂತು. ಅವನಿಗೆ ಅದು ಗೊತ್ತಾಗಲಿಲ್ಲ.

ಹೆಜ್ಜೆ ಹೆಜ್ಜೆಯಾಗಿ ಬಲೆ ಬಂತು. ಬಲೆಯ ಜೊತೆಗೆ ದೋಣಿ ಬಂತು. ಆಳವಿಲ್ಲದ ನೀರಿನಲ್ಲಿ ಹಗ್ಗ ಸಡಿಲವಾಗಿ ದೋಣಿಯ ಮೂತಿ ಮೇಲೆದ್ದಿತು. ಮಗ ಇಳಿದು ನಡೆದು ಬಂದ. ಸಾಹುಕಾರ ಮರಳಿನ ಮೇಲೆ ಕುಳಿತು ದೊಡ್ಡ ದನಿಯಲ್ಲಿ ಅತ್ತ. ಸುತ್ತಲಿದ್ದವರೂ ಅತ್ತರು, ಅಳುತ್ತಲೇ ನಕ್ಕರು. ‘ಅವನೇ ಎಳ್ಕಣ್ಲಿ’ ಎಂದಿದ್ದವನು ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ದಡದ ತುಂಬ ಬಂಗುಡೆ ಹೊಳೆಯುತ್ತಿತ್ತು. ಅಷ್ಟು ಹಗುರವಾದ ದಿನವನ್ನು ಆ ಊರು ಕಂಡು ಬಹಳ ಕಾಲವಾಗಿತ್ತು.

ಮೀನು ಹಂಚುವಾಗ ಮುದುಕಿಯೇ ಮುಂದೆ ನಿಂತಳು. ಬಲೆಯ ತುಂಡುಗಳ ಪಾಲು ಸಾಹುಕಾರನಿಗೆ ಹೋಯಿತು. ಅದು ದೊಡ್ಡ ರಾಶಿ, ಯಾರೂ ತಕರಾರು ಮಾಡಲಿಲ್ಲ. ಆಮೇಲೆ ಹಗ್ಗ ಹಿಡಿದ ಕೈಗಳ ಪಾಲು. ಎಲ್ಲರಿಗೂ ಒಂದೊಂದು ಬುಟ್ಟಿ. ಕೊನೆಗೆ ಒಂದು ಬುಟ್ಟಿ ತುಂಬಿ ಸಾಹುಕಾರನ ಮುಂದೆ ಇಟ್ಟಳು. ಅವನು ಬೆರಗಾಗಿ ನೋಡಿದ.

“ನೀನೂ ಹಗ್ಗ ಹಿಡ್ದಿಯಲ್ದಾ?” ಎಂದಳು.

ಆ ದೊಡ್ಡ ರಾಶಿಯನ್ನು ಅವನ ಆಳುಗಳು ಹೊತ್ತುಕೊಂಡು ಹೋದರು. ಈ ಬುಟ್ಟಿಯನ್ನು ಅವನೇ ತಲೆಯ ಮೇಲೆ ಇಟ್ಟುಕೊಂಡು ಹೋದನಂತೆ.

ಗುರುಗಳು ಇಲ್ಲಿ ನಿಲ್ಲಿಸಿ ಸಿಪ್ಪೆಗಳನ್ನು ಬದಿಗೆ ಸರಿಸಿದರು. ಸಂಗಯ್ಯನ ಮುಖ ತಿಳಿಯಾಗಿತ್ತು.

“ಆಮೇಲೆ ಅವನು ಬಲೆಯನ್ನು ಊರಿಗೆ ಬಿಟ್ಟುಕೊಟ್ಟನೇ?”

“ಇಲ್ಲ. ಅವನು ಸಾಹುಕಾರ, ಸನ್ಯಾಸಿಯಲ್ಲ. ಮನೆಗೊಂದು ಹೊಸ ತುಂಡು ಹೆಣೆದು ತನ್ನ ಬಲೆಗೆ ಸೇರಿಸಿ ಎಂದು ಕೇಳಿಕೊಂಡ. ಬಲೆ ದೊಡ್ಡದಾಯಿತು. ಹಗ್ಗದ ಪಾಲು ಮೊದಲಿನಂತೆ ನಡೆಯಿತು. ಮೀನು ಒಣಗಿಸುವ ಜಾಗವನ್ನು ಹಿಂದಕ್ಕೆ ಸರಿಸಿ ಗುಡಿಸಲುಗಳಿಗೆ ದಡ ಬಿಟ್ಟುಕೊಟ್ಟ. ಒಂದು ದಿನ ದಿಬ್ಬದ ಮೇಲೆ ಒಬ್ಬನನ್ನು ನಿಲ್ಲಿಸಿ ಕೂಗಿಸಿ, ತಾನು ಮಾಳಿಗೆಯಲ್ಲಿ ಕಿವಿಗೊಟ್ಟು ನಿಂತ. ಕೇಳಿಸಲಿಲ್ಲ. ಈಗ ಆ ಮಾಳಿಗೆಯಲ್ಲಿ ಮಳೆಗಾಲಕ್ಕೆ ಊರಿನ ಬಲೆ ಇಡುತ್ತಾರೆ. ಅವನ ಮನೆ ದಡದಲ್ಲಿದೆ. ಊರಿನಲ್ಲಿ ಅವನೇ ಇಂದಿಗೂ ಎಲ್ಲರಿಗಿಂತ ಸಿರಿವಂತ. ಮೀನಿನ ವಾಸನೆಯೂ ಚೆನ್ನಾಗಿಯೇ ತಾಗುತ್ತದೆ.”

ಸಂಗಯ್ಯ ನಕ್ಕ. ನಗು ಮುಗಿದ ಮೇಲೆ ಕೇಳಿದ:

“ಹಾಗಾದರೆ ನಾಳೆ ಪೇಟೆಯ ಧನಿಕನಿಗೆ ಏನು ಹೇಳಲಿ? ನಿನ್ನಲ್ಲಿರುವುದನ್ನು ಕೊಡು ಎನ್ನಲೇ?”

“ಕೊಡು ಎನ್ನಬೇಡ, ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಕೂಗಿ ನೋಡು ಎನ್ನು.”